ಬೆಸ್ ಅಜ್ಜಿಯ ಇನ್ನೂರು ಹಾಡುಗಳು

ಇಷ್ಟೊಂದು ಹಾಡುಗಳನ್ನು ಎಲ್ಲಿ, ಯಾವಾಗ ಹಾಡುತ್ತಿದ್ದಿರಿ ಎಂದು ಧ್ವನಿಮುದ್ರಣ ಯಂತ್ರದೊಂದಿಗೆ ಬಂದವರು ಕೇಳಿದರು. ಎಲಿಜಬೆತ್ ಕ್ರೋನಿನ್ ಕೊಟ್ಟ ಉತ್ತರದಲ್ಲಿ ವೇದಿಕೆಯ ಮಾತೇ ಇರಲಿಲ್ಲ. ಮದುವೆ ಮನೆಗಳಲ್ಲಿ, ಔತಣಗಳಲ್ಲಿ ಹಾಡಿದ್ದುಂಟು. ಅದು ಬಿಟ್ಟರೆ ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ, ಬಟ್ಟೆ ಒಗೆಯುವಾಗ, ಮನೆ ಗುಡಿಸುವಾಗ, ದನಗಳಿಗೆಂದು ಕೋಸಿನ ಎಲೆ ಬಿಡಿಸುವಾಗ, ಹೊಲದಲ್ಲಿ ಬಿತ್ತನೆ ಆಲೂಗಡ್ಡೆ ಊರುವಾಗ. ಒಟ್ಟಿನಲ್ಲಿ ಯಾವ ಕೆಲಸ ಮಾಡುತ್ತಿದ್ದರೂ ಬಾಯಲ್ಲಿ ಹಾಡು ಇರುತ್ತಿತ್ತು ಎಂಬುದು ಆಕೆ ಹೇಳಿದ್ದರ ಸಾರ.

ಐರ್ಲೆಂಡ್ ದ್ವೀಪದ ನೈಋತ್ಯ ಭಾಗದಲ್ಲಿ ಕಾರ್ಕ್ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು ಎಂದುಕೊಳ್ಳಬಹುದು. ಅದರ ಪಶ್ಚಿಮದ ಗುಡ್ಡಗಾಡು ಸೀಮೆಯ ಹೆಸರು ಮಸ್ಕೆರಿ. ಅಲ್ಲಿ ಸಲ್ಲೇನ್ ಎಂಬ ಚಿಕ್ಕ ನದಿಯ ದಡದಲ್ಲಿ ಬ್ಯಾಲಿವೂರ್ನಿ ಎಂಬ ಊರು. ಜೇನುಹುಳುಗಳನ್ನು ಕಾಯುವವಳೆಂದು ಹೆಸರಾದ ಸಂತ ಗೊಬ್ನೆಟ್‌ಳ ಪುಣ್ಯಸ್ಥಳ ಇದೇ ಊರಿನಲ್ಲಿದೆ. ಎಲಿಜಬೆತ್ ಹುಟ್ಟಿದ್ದು 1879ರಲ್ಲಿ ಈ ಸೀಮೆಯಲ್ಲೇ. ಬಾಳಿದ್ದೂ, 1956ರಲ್ಲಿ ತೀರಿಕೊಂಡದ್ದೂ ಇಲ್ಲಿಯೇ. ಊರವರ ಬಾಯಲ್ಲಿ ಆಕೆ 'ಬೆಸ್'. ಹಾಡು ಕೇಳಿ ಮೆಚ್ಚಿದವರು 'ಮಸ್ಕೆರಿಯ ಹಾಡಿನ ರಾಣಿ' ಎಂದು ಕರೆದರು. ರಾಣಿಯಾದರೂ ಹಾಲು ಕರೆಯುವುದು ತಪ್ಪಲಿಲ್ಲ, ಅದು ಬೇರೆ ಮಾತು.

ಆಕೆಗೆ ಬರುತ್ತಿದ್ದ ಹಾಡುಗಳು ಹತ್ತಿಪ್ಪತ್ತಲ್ಲ, ಸುಮಾರು 200. ಕೆಲವು ಐರಿಷ್ ಭಾಷೆಯಲ್ಲಿ, ಕೆಲವು ಇಂಗ್ಲಿಷಿನಲ್ಲಿ, ಇನ್ನು ಕೆಲವು ಎರಡೂ ಭಾಷೆ ಬೆರೆತವು. ಪ್ರೇಮದ ಹಾಡು, ಯುದ್ಧದ ಹಾಡು, ಕುಡುಕರನ್ನು ಗೇಲಿ ಮಾಡುವ ಹಾಡು, ದೇವರ ಹಾಡು, ಮಗುವನ್ನು ತೊಡೆಯ ಮೇಲೆ ಕುಣಿಸುತ್ತ ಹೇಳುವ ಅರ್ಥವಿಲ್ಲದ ಪದಗಳ ಹಾಡು - ಎಲ್ಲವೂ ಆ ಒಂದು ನೆನಪಿನ ಬುಟ್ಟಿಯಲ್ಲಿದ್ದವು.

ಕಲಿಸಿದವರು ಯಾರು?

ಹಾಡುಗಳ ಮೊದಲ ಮೂಲ ತಾಯಿ. ಆದರೆ ತಾಯಿ ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದಳೆಂದು ಭಾವಿಸಬೇಕಿಲ್ಲ. ಆಕೆ ತನ್ನ ಪಾಡಿಗೆ ತಾನು ಹಾಡಿಕೊಳ್ಳುತ್ತಿದ್ದಳು, ಮಗಳ ಕಿವಿಗೆ ಅದು ಬೀಳುತ್ತಿತ್ತು. ಮಗು ಮಾತು ಕಲಿಯುವುದೂ ಹೀಗೆಯೇ ಅಲ್ಲವೇ? ಯಾವ ಮನೆಯಲ್ಲೂ ಮಗುವಿಗೆ ವ್ಯಾಕರಣ ಹೇಳಿ ಮಾತು ಕಲಿಸುವುದಿಲ್ಲ. ದಿನವೂ ಕಿವಿಗೆ ಬಿದ್ದದ್ದು ತಾನಾಗಿ ನಾಲಿಗೆಗೆ ಬರುತ್ತದೆ.

ಬೆಸ್ ಐವರು ಮಕ್ಕಳಲ್ಲಿ ಹಿರಿಯಳು. ಹದಿಹರೆಯದಲ್ಲಿ ಆಕೆಯನ್ನು ಮಕ್ಕಳಿಲ್ಲದ ಚಿಕ್ಕಪ್ಪನ ಮನೆಗೆ ಕಳಿಸಿದರು. ಅದು ಬೇಸಾಯದ ಮನೆ. ಕೆಲಸಕ್ಕೆ ಹುಡುಗರೂ ಹುಡುಗಿಯರೂ ಇದ್ದರು. ಅವರೂ ಹಾಡುತ್ತಿದ್ದರು. ಬೆಸ್‌ಗೆ ಹೊಸ ಹಾಡುಗಳ ದೊಡ್ಡ ಗಂಟೇ ಸಿಕ್ಕಿತು. 'ಮನೆತನದ ಹಾಡು' ಎಂದು ನಾವು ಕರೆಯುವುದರಲ್ಲಿ ಈ ಆಳುಮಕ್ಕಳ ಪಾಲು ಎಷ್ಟಿರುತ್ತದೆ ಎಂಬುದನ್ನು ಸಾಮಾನ್ಯವಾಗಿ ಯಾರೂ ಲೆಕ್ಕ ಹಾಕುವುದಿಲ್ಲ. ಒಂದು ಮನೆಯ ಒಲೆಯ ಸುತ್ತ ಕುಳಿತವರೆಲ್ಲ ರಕ್ತಸಂಬಂಧಿಗಳೇ ಆಗಿರಬೇಕಾಗಿಲ್ಲ. ಹಾಡಿಗೆ ಅದರ ಹಂಗೂ ಇಲ್ಲ. ಇದಲ್ಲದೆ ಸಂತೆ ಜಾತ್ರೆಗಳಲ್ಲಿ ಬಿಡಿ ಹಾಳೆಯಲ್ಲಿ ಅಚ್ಚಾದ ಲಾವಣಿಗಳು ಪುಡಿಗಾಸಿಗೆ ಸಿಗುತ್ತಿದ್ದ ಕಾಲ ಅದು. ಹಾಳೆ ಹರಿದುಹೋಗುತ್ತಿತ್ತು, ಹಾಡು ಉಳಿಯುತ್ತಿತ್ತು.

ಇನ್ನು ತಂದೆ. ಅವರು ಶಾಲಾ ಮಾಸ್ತರರು. ಊರಿನಲ್ಲಿ 'ಮಾಸ್ತರ' ಎಂಬುದೇ ಅವರ ಹೆಸರಿನ ಭಾಗವಾಗಿಹೋಗಿತ್ತು. ಈ ಮನೆಯಲ್ಲಿ ಅಕ್ಷರಕ್ಕೂ ಹಾಡಿಗೂ ಜಗಳವಿರಲಿಲ್ಲ. ಆದರೆ ಮನೆಯ ಹೊರಗೆ ಕಾಲ ಬೇರೆಯೇ ಇತ್ತು.

ಭಾಷೆ ಸವೆದ ಬಗೆ

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿತು. ಬಡವರಿಗೆ ಅದೇ ಮುಖ್ಯ ಆಹಾರ. ಮುಂದಿನ ಕೆಲವು ವರ್ಷಗಳ ಘೋರ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು, ಲಕ್ಷಾಂತರ ಜನ ಹಡಗು ಹತ್ತಿ ಅಮೆರಿಕಕ್ಕೂ ಇಂಗ್ಲೆಂಡಿಗೂ ಹೋದರು. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷ ಇದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿಯಿತು. ಕ್ಷಾಮದ ಪೆಟ್ಟು ಹೆಚ್ಚು ಬಿದ್ದದ್ದು ಐರಿಷ್ ಮಾತಾಡುವ ಪಶ್ಚಿಮದ ಬಡ ಹಳ್ಳಿಗಳ ಮೇಲೆ.

ಶಾಲೆಗಳ ಕಥೆ ಇನ್ನೊಂದು. 1831ರಿಂದ ಸರ್ಕಾರ ನಡೆಸಿದ ರಾಷ್ಟ್ರೀಯ ಶಾಲೆಗಳಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮಗುವಿನ ಕುತ್ತಿಗೆಗೆ ಒಂದು ಕೋಲು ಕಟ್ಟಿ, ಅದು ಐರಿಷ್ ಮಾತಾಡಿದಾಗಲೆಲ್ಲ ಕೋಲಿನ ಮೇಲೆ ಒಂದು ಕಚ್ಚು ಕೊರೆದು, ಕೊನೆಗೆ ಕಚ್ಚುಗಳನ್ನು ಎಣಿಸಿ ಶಿಕ್ಷೆ ಕೊಡುವ ಪದ್ಧತಿ ಇತ್ತೆಂದು ಹಳಬರು ನೆನೆಯುತ್ತಿದ್ದರು. ಇದರಲ್ಲಿ ನೋವಿನ ಸಂಗತಿಯೆಂದರೆ ಅನೇಕ ಕಡೆ ತಂದೆತಾಯಂದಿರೂ ಇದಕ್ಕೆ ಒಪ್ಪಿದ್ದರು. ಮಗ ಹಡಗು ಹತ್ತಲೇಬೇಕಾದರೆ ಅವನಿಗೆ ಇಂಗ್ಲಿಷ್ ಬೇಕಲ್ಲ! ಅವರನ್ನು ಈಗ ಬೈಯುವುದು ಸುಲಭ. ಹಸಿವಿನ ನೆನಪು ಹೊತ್ತವರ ಲೆಕ್ಕಾಚಾರ ಬೇರೆ ಇರುತ್ತದೆ. 1851ರಲ್ಲಿ ಸುಮಾರು 15 ಲಕ್ಷ ಇದ್ದ ಐರಿಷ್ ಭಾಷಿಕರು 1891ರ ಗಣತಿಯಲ್ಲಿ 7 ಲಕ್ಷಕ್ಕಿಂತ ಕಡಿಮೆಯಾಗಿದ್ದರು. ಆಗ ಬೆಸ್‌ಗೆ 12 ವರ್ಷ. ಆಕೆ ಹಾಡು ಕಲಿಯುತ್ತಿದ್ದ ವರ್ಷಗಳಲ್ಲೇ ಆ ಹಾಡಿನ ಭಾಷೆ ಸುತ್ತಲೂ ಕರಗುತ್ತಿತ್ತು.

ಭಾಷೆ ಹೋದರೆ ಹಾಡಿಗೆ ಏನಾಗುತ್ತದೆ ಎಂಬುದಕ್ಕೆ ಬೆಸ್ ಹಾಡುತ್ತಿದ್ದ 'ಶೂಲ್ ಅ ರೂನ್' ಎಂಬ ಗೀತೆಯೇ ಸಾಕ್ಷಿ. 'ನಡೆ, ನನ್ನ ಒಲವೇ' ಎಂಬುದು ಆ ಹೆಸರಿನ ಅರ್ಥ. ಪ್ರಿಯಕರ ಸೈನಿಕನಾಗಿ ಫ್ರಾನ್ಸ್‌ಗೆ ಹೊರಟಿದ್ದಾನೆ. ಅವನಿಗೆ ಕತ್ತಿ ಕೊಡಿಸಲು ಹುಡುಗಿ ತನ್ನ ನೂಲುವ ರಾಟೆಯನ್ನೇ ಮಾರಲು ಸಿದ್ಧಳಾಗುತ್ತಾಳೆ. ನುಡಿಗಳು ಇಂಗ್ಲಿಷಿನಲ್ಲಿ, ಪಲ್ಲವಿ ಐರಿಷ್‌ನಲ್ಲಿ. ಇದೇ ಹಾಡು ವಲಸೆ ಹೋದವರ ಜೊತೆ ಅಮೆರಿಕ ಸೇರಿತು. ಅಲ್ಲಿ ಐರಿಷ್ ಬಲ್ಲವರ ಮಕ್ಕಳು, ಮೊಮ್ಮಕ್ಕಳು ಹಾಡುತ್ತ ಹೋದಂತೆ ಪಲ್ಲವಿ ಬರೀ 'ಶೂಲೆ ಶೂಲೆ' ಎಂಬಂಥ ಸದ್ದಾಗಿ ಉಳಿಯಿತು. ದನಿ ಬಂತು, ಅರ್ಥ ಕಡಲಲ್ಲೇ ಜಾರಿತು. ಹಾಡುವವರಿಗೆ ಅದು ಮಕ್ಕಳಾಟದ ಪದವೆನಿಸಿತು. ಬೆಸ್ ಮನೆಯಲ್ಲಿ ಅದು ಒಬ್ಬ ಹುಡುಗಿಯ ಅಳಲಾಗಿಯೇ ಇತ್ತು, ಏಕೆಂದರೆ ಆ ಮಾತು ಅಲ್ಲಿ ಇನ್ನೂ ಜೀವಂತವಿತ್ತು. ಮನೆತನದ ಹಾಡು ಉಳಿಯಬೇಕಾದರೆ ಮನೆಮಾತು ಉಳಿದಿರಬೇಕು. ಕಂಠ ಒಂದೇ ಸಾಲದು.

ಪಕ್ಕವಾದ್ಯವಿಲ್ಲದ ಹಾಡು

ಐರಿಷ್ ಭಾಷೆಯ ಈ ಹಳೆಯ ಗಾಯನಕ್ಕೆ 'ಶಾನ್ ನೋಸ್' ಎಂದು ಹೆಸರು. ಅಂದರೆ 'ಹಳೆಯ ರೀತಿ', ಅಷ್ಟೇ. ಪಕ್ಕವಾದ್ಯವಿಲ್ಲ, ಶ್ರುತಿಪೆಟ್ಟಿಗೆಯೂ ಇಲ್ಲ. ಅನೇಕ ಹಾಡುಗಳಲ್ಲಿ ಕಟ್ಟುನಿಟ್ಟಿನ ತಾಳವೂ ಇಲ್ಲ. ಹಾಡು ಮಾತಿನ ಓಟವನ್ನು ಹಿಂಬಾಲಿಸುತ್ತದೆ. ಹಾಡುವವರು ದನಿ ಏರಿಸಿ ಇಳಿಸಿ ಅಭಿನಯಿಸುವುದಿಲ್ಲ. ಮುಖದಲ್ಲಿ ಭಾವ ತೋರಿಸುವುದೂ ಕಡಿಮೆ, ಕೆಲವರು ಕಣ್ಣು ಮುಚ್ಚಿಕೊಂಡೇ ಹಾಡುತ್ತಾರೆ. ಭಾವವೆಲ್ಲ ಸ್ವರದ ಸಣ್ಣ ಸಣ್ಣ ಬಳುಕುಗಳಲ್ಲಿ. ಇದನ್ನು ಗಮಕ ಎಂದರೆ ನಮ್ಮ ಓದುಗರಿಗೆ ಬೇಗ ತಿಳಿದೀತು. ಒಂದೇ ಹಾಡಿನ ಎರಡು ನುಡಿಗಳಲ್ಲಿ ಈ ಬಳುಕು ಒಂದೇ ತೆರನಾಗಿರುವುದಿಲ್ಲ. ಪಿಯಾನೋದ ಮನೆಗಳಿಗೆ ಸರಿಯಾಗಿ ಕೂರದ ಸ್ವರಗಳೂ ಬರುತ್ತವೆ. ಪಾಶ್ಚಾತ್ಯ ಸ್ವರಲಿಪಿಯ ಐದು ಗೆರೆಗಳಲ್ಲಿ ಇದನ್ನು ಬರೆದಿಡಲು ಹೊರಟವರು ಪಟ್ಟ ಪಾಡು ಅಷ್ಟಿಷ್ಟಲ್ಲ.

ಕೇಳುವವರು ಸುಮ್ಮನೆ ಕೂರುವುದಿಲ್ಲ. ನಡುನಡುವೆ ಭಲೇ ಎನ್ನುತ್ತಾರೆ. ಪಕ್ಕದಲ್ಲಿ ಕುಳಿತವರು ಹಾಡುವವರ ಕೈ ಹಿಡಿದು ಮೆಲ್ಲಗೆ ತಿರುವುತ್ತ ಹುರಿದುಂಬಿಸುವುದೂ ಉಂಟು. ಹಾಡು ಮುಗಿಯುವಾಗ ಕೊನೆಯ ಕೆಲವು ಪದಗಳನ್ನು ಹಾಡದೆ, ಮಾತಿನಂತೆ ಆಡಿ ನಿಲ್ಲಿಸುವ ರೂಢಿಯೂ ಇದೆ. ಹಾಡಿನಿಂದ ಮಾತಿಗೆ, ಮಾತಿನಿಂದ ಮನೆಗೆಲಸಕ್ಕೆ ಇಳಿಯಲು ಇದೊಂದು ಮೆಟ್ಟಿಲಿದ್ದಂತೆ.

ಬೆಸ್ ಹಾಡಿದ ಇಂಗ್ಲಿಷ್ ಹಾಡುಗಳಲ್ಲಿ ಹೆಚ್ಚು ಹೆಸರಾದದ್ದು 'ಲಾರ್ಡ್ ಗ್ರೆಗರಿ'. ಮಳೆಯಲ್ಲಿ ನೆನೆಯುತ್ತ, ಮಗುವನ್ನು ಎತ್ತಿಕೊಂಡು, ಒಬ್ಬ ಹುಡುಗಿ ಪ್ರಿಯಕರನ ಕೋಟೆಯ ಬಾಗಿಲಲ್ಲಿ ನಿಂತು ಕರೆಯುತ್ತಾಳೆ. ಬಾಗಿಲು ತೆರೆಯುವುದಿಲ್ಲ. ಇದು ಬಹಳ ಹಳೆಯ ಲಾವಣಿ. ಅಮೆರಿಕದ ವಿದ್ವಾಂಸ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ 19ನೇ ಶತಮಾನದ ಕೊನೆಯಲ್ಲಿ ಪ್ರಕಟಿಸಿದ 305 ಲಾವಣಿಗಳ ಪ್ರಸಿದ್ಧ ಸಂಗ್ರಹದಲ್ಲಿ ಇದರ ಸಂಖ್ಯೆ 76. ಸ್ಕಾಟ್ಲೆಂಡಿನ ಪಾಠಗಳಲ್ಲಿ ಕಥೆ ಉದ್ದ. ಹಡಗಿನ ಪಯಣ, ಪ್ರಿಯಕರನ ತಾಯಿಯ ಮೋಸ, ಅವನ ಕನಸು, ಕೊನೆಗೆ ಸಾವು ಎಲ್ಲವೂ ಬರುತ್ತವೆ. ಐರ್ಲೆಂಡಿನ ಹಾಡುಗಾರರ ಬಾಯಲ್ಲಿ ಕಥೆಯ ಬಹುಪಾಲು ಉದುರಿಹೋಗಿ, ಮುಚ್ಚಿದ ಬಾಗಿಲು, ಮಳೆ, ಮಗು ಇಷ್ಟೇ ಉಳಿದವು. ಮರೆತರೆಂದು ಹೇಳಬಹುದು. ಬೇಡದ್ದನ್ನು ಬಿಟ್ಟರೆಂದೂ ಹೇಳಬಹುದು. ಕೇಳಿದವರಿಗೆ ಎರಡನೆಯದೇ ಸರಿ ಎನಿಸುತ್ತದೆ. ಮುಂದೆ ಎಷ್ಟೋ ಗಾಯಕರು ಈ ಹಾಡನ್ನು ಬೆಸ್ ಹಾಡಿದ ಪಾಠದಿಂದಲೇ ಕಲಿತರು.

ಮೇಣ, ತಟ್ಟೆ, ಟೇಪು

ಸ್ವತಂತ್ರ ಐರ್ಲೆಂಡಿನ ಸರ್ಕಾರ 1935ರಲ್ಲಿ ಜಾನಪದ ಆಯೋಗವೊಂದನ್ನು ನೇಮಿಸಿತು. ಅದರ ಸಂಗ್ರಾಹಕರು ಹಳ್ಳಿ ಹಳ್ಳಿ ತಿರುಗಿ ಹಾಡು, ಕಥೆ, ಗಾದೆ, ಮದ್ದು, ಎಲ್ಲವನ್ನೂ ಬರೆದುಕೊಳ್ಳಬೇಕು. ಅವರಿಗೆ ಕೊಟ್ಟ ಯಂತ್ರ ಎಡಿಫೋನ್. ಇದರ ಕೆಲಸ ತಿಳಿಯುವುದು ಕಷ್ಟವಲ್ಲ. ಹಾಡುವವರ ದನಿಯಿಂದ ಗಾಳಿ ಕಂಪಿಸುತ್ತದೆ. ಆ ಕಂಪನ ಒಂದು ತೆಳು ಪೊರೆಯನ್ನು ಅಲುಗಿಸುತ್ತದೆ. ಪೊರೆಗೆ ಜೋಡಿಸಿದ ಮೊನೆ, ತಿರುಗುತ್ತಿರುವ ಮೇಣದ ಉರುಳೆಯ ಮೇಲೆ ಗೀರು ಕೊರೆಯುತ್ತದೆ. ಇನ್ನೊಂದು ಮೊನೆಯನ್ನು ಅದೇ ಗೀರಿನಲ್ಲಿ ಓಡಿಸಿದರೆ ದನಿ ಮರಳುತ್ತದೆ.

ಆದರೆ ಆಯೋಗದ ಬಳಿ ಹಣವಿರಲಿಲ್ಲ. ಉರುಳೆಗಳು ದುಬಾರಿ. ಸಂಗ್ರಾಹಕ ಮನೆಗೆ ಬಂದು, ಮತ್ತೆ ಮತ್ತೆ ಕೇಳಿ, ಪದ ಬಿಡದೆ ಬರೆದುಕೊಂಡ ಮೇಲೆ ಉರುಳೆಯ ಮೇಲ್ಪದರವನ್ನು ಹೆರೆದು ನುಣುಪು ಮಾಡುತ್ತಿದ್ದರು, ಮುಂದಿನವರ ದನಿಗಾಗಿ! ಹೀಗೆ ಹೆರೆದ ಮೇಣದ ಪುಡಿಯಲ್ಲಿ ಎಷ್ಟು ಕಂಠಗಳು ಹೋದವೋ. ಪದಗಳು ಕಾಗದದ ಮೇಲೆ ಉಳಿದವು, ಸ್ವರದ ಬಳುಕು ಕಸವಾಯಿತು. ಬಡ ದೇಶವೊಂದು ಬೇರೆ ದಾರಿ ಕಾಣದೆ ಮಾಡಿದ ಕೆಲಸವದು. ಆ ಆಯೋಗ 1971ರವರೆಗೆ ಕೂಡಿಹಾಕಿದ ಬರಹದ ರಾಶಿ ಎಷ್ಟು ದೊಡ್ಡದೆಂದರೆ 2017ರಲ್ಲಿ ಯುನೆಸ್ಕೊ ಅದನ್ನು 'ಜಗತ್ತಿನ ಸ್ಮೃತಿ' ಪಟ್ಟಿಗೆ ಸೇರಿಸಿತು.

ಆಯೋಗದಲ್ಲಿ 1942ರಿಂದ 1947ರವರೆಗೆ ಇದ್ದ ಶೇಮಸ್ ಎನ್ನಿಸ್ ಎಂಬ ಯುವಕನಿಗೆ ಹಾಡು ಬರೆದುಕೊಳ್ಳುವುದೇ ಕೆಲಸ. ಸ್ವತಃ ಒಳ್ಳೆಯ ಪೈಪ್ ವಾದಕ. ಸೈಕಲ್ ತುಳಿದು ಹೋಗಿ, ಹಾಡುವವರ ಎದುರು ಕುಳಿತು, ಕಿವಿಯಿಂದ ಕೇಳಿದ್ದನ್ನು ಅಲ್ಲೇ ಸ್ವರಲಿಪಿಗೆ ಇಳಿಸುತ್ತಿದ್ದ. ಒಂದೊಂದು ಸೀಮೆಯ ಐರಿಷ್‌ನ ಉಚ್ಚಾರವನ್ನೂ ಆಡಬಲ್ಲವನಾಗಿದ್ದ. ಬೆಸ್‌ಳ ಹಾಡುಗಳನ್ನು ಬರೆದುಕೊಂಡವರಲ್ಲಿ ಈತ ಮುಖ್ಯ. 1947ರಲ್ಲಿ ಬಿ.ಬಿ.ಸಿ.ಯವರೂ ಬಂದರು. ಆಗ ಬಳಕೆಯಲ್ಲಿದ್ದದ್ದು ಅರಗು ಬಳಿದ ತಟ್ಟೆಗಳು. ಒಂದು ಮಗ್ಗುಲಿಗೆ ಹಿಡಿಸುವುದು ಕೆಲವೇ ನಿಮಿಷ. ಉದ್ದನೆಯ ಲಾವಣಿ ಹಾಡುವವರಿಗೆ ತಟ್ಟೆ ಮುಗಿಯುತ್ತ ಬಂತೆಂದು ಸನ್ನೆ ಮಾಡಬೇಕಾದ ಫಜೀತಿ!

1951ರ ಜನವರಿಯಲ್ಲಿ ಅಮೆರಿಕದ ಅಲನ್ ಲೋಮ್ಯಾಕ್ಸ್ ಟೇಪ್ ರೆಕಾರ್ಡರ್ ತಂದರು. ದಾರಿ ತೋರಿಸಿದವ ಎನ್ನಿಸ್‌ನೇ. ಟೇಪಿನಲ್ಲಿ ಗೀರು ಕೊರೆಯುವುದಿಲ್ಲ, ಪ್ಲಾಸ್ಟಿಕ್ ಪಟ್ಟಿಗೆ ಬಳಿದ ಕಬ್ಬಿಣದ ಆಕ್ಸೈಡಿನ ಕಣಗಳು ದನಿಗೆ ತಕ್ಕಂತೆ ಕಾಂತಗೊಳ್ಳುತ್ತವೆ. ತಟ್ಟೆಗಿಂತ ಹೆಚ್ಚು ಹೊತ್ತು ಓಡುತ್ತದೆ. ಆದ್ದರಿಂದ ಹಾಡಷ್ಟೇ ಅಲ್ಲ, ಹಾಡಿನ ನಡುವಿನ ಮಾತುಕತೆಗೂ ಜಾಗವಾಯಿತು. ಬೆಸ್‌ಗೆ ಆಗ 71 ವರ್ಷ. ಲೋಮ್ಯಾಕ್ಸ್ ಸಂಪಾದಿಸಿದ ಜಗತ್ತಿನ ಜನಪದ ಸಂಗೀತದ ಗ್ರಾಮಫೋನ್ ಮಾಲೆಯನ್ನು ಕೊಲಂಬಿಯ ಕಂಪನಿ 1955ರಲ್ಲಿ ಹೊರತಂದಾಗ ಮೊದಲ ಸಂಪುಟವೇ ಐರ್ಲೆಂಡಿನದು. ಅದರಲ್ಲಿ ಬೆಸ್ ಹಾಡಿದ 'ಕುಕನಾಂಡಿ' ಇದೆ. ಅದು ಯಾವ ವೀರಗಾಥೆಯೂ ಅಲ್ಲ, ಮಗುವನ್ನು ಕುಣಿಸುವ ಹಾಡು. ಅಡುಗೆಮನೆಯ ಈ ಪದ ನ್ಯೂಯಾರ್ಕಿನ ಅಂಗಡಿಗಳಲ್ಲಿ ಮಾರಾಟವಾಯಿತು. ಆಗಿನ ಧ್ವನಿಮುದ್ರಣಗಳನ್ನು ಲೋಮ್ಯಾಕ್ಸ್ ಸಂಗ್ರಹಾಲಯ ಅಂತರ್ಜಾಲದಲ್ಲಿ ಕೇಳಲು ಬಿಟ್ಟಿದೆ.

ಮರುವರ್ಷ, 1952ರಲ್ಲಿ, ಇನ್ನೊಬ್ಬ ಅತಿಥಿ. ಅಮೆರಿಕದ ಕೆಂಟಕಿ ಗುಡ್ಡಗಳ ಜೀನ್ ರಿಚಿ. ಹದಿನಾಲ್ಕು ಮಕ್ಕಳ ಮನೆಯ ಕೊನೆಯ ಮಗಳು. ಆ ಮನೆಯಲ್ಲೂ ಎಲ್ಲರೂ ಹಾಡುವವರೇ. ತನ್ನ ಮನೆಯ ಹಾಡುಗಳು ಕಡಲಿನ ಈಚೆ ಎಲ್ಲಿ ಹುಟ್ಟಿದವೆಂದು ಹುಡುಕುತ್ತ, ವಿದ್ಯಾರ್ಥಿವೇತನ ಪಡೆದು, ಛಾಯಾಗ್ರಾಹಕ ಗಂಡನೊಡನೆ ಬಂದಿದ್ದಳು. ವಿದ್ವಾಂಸರು ಬಂದಾಗ ಹಾಡುಗಾರ್ತಿ ಮಾಹಿತಿ ಕೊಡುವವಳಾಗುತ್ತಾಳೆ. ಇಲ್ಲಿ ಎದುರಾದದ್ದು ಒಂದು ಹಾಡುವ ಮನೆಯವಳಿಗೆ ಇನ್ನೊಂದು ಹಾಡುವ ಮನೆಯವಳು.

ಮಗ, ಮೊಮ್ಮಗ

ಇಷ್ಟೆಲ್ಲ ಯಂತ್ರಗಳು ಬಂದುಹೋದರೂ ಆಕೆಯ ಎಲ್ಲ ಹಾಡುಗಳೂ ಯಂತ್ರಕ್ಕೆ ಸಿಗಲಿಲ್ಲ. ಉಳಿದವನ್ನು ಕಾಪಾಡಿದ್ದು ಕಾಗದ ಮತ್ತು ಮನೆಮಂದಿ. ಬೆಸ್ ಅಕ್ಷರ ಬಲ್ಲವಳು, ಹಾಡುಗಳನ್ನು ಕೈಯಾರೆ ನೋಟ್‌ಪುಸ್ತಕಗಳಲ್ಲಿ, ಬಿಡಿ ಹಾಳೆಗಳಲ್ಲಿ ಬರೆದಿಡುತ್ತಿದ್ದಳು. ಮಗ ಶಾನ್ ಜಾನಪದ ಆಯೋಗದಲ್ಲೇ ಸಂಗ್ರಾಹಕ. ಊರೂರು ತಿರುಗಿ ಬೇರೆಯವರ ಅಜ್ಜಿಯರ ಹಾಡು ಬರೆಯುವವನಿಗೆ ತನ್ನ ತಾಯಿಯೇ ಒಂದು ಗ್ರಂಥಾಲಯವಾಗಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತಿಗೆ ಈ ಮನೆ ಅಪವಾದ.

ಮೊಮ್ಮಗ ದಾವೀ ಓ ಕ್ರೋನೀನ್ ಮಧ್ಯಯುಗದ ಇತಿಹಾಸದ ವಿದ್ವಾಂಸ, ಗಾಲ್ವೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಹಳೆಯ ಲ್ಯಾಟಿನ್ ಹಸ್ತಪ್ರತಿಗಳ ಪಾಠ ಶೋಧಿಸುವುದು ಅವರ ವೃತ್ತಿ. ಅದೇ ಶಿಸ್ತನ್ನು ಅಜ್ಜಿಯ ಚೀಟಿಗಳಿಗೂ ಅನ್ವಯಿಸಿ, ಮನೆಯ ಕಾಗದ, ಆಯೋಗದ ಬರಹ, ಬಿ.ಬಿ.ಸಿ.ಯ ತಟ್ಟೆ, ಅಮೆರಿಕನ್ನರ ಟೇಪು ಎಲ್ಲವನ್ನೂ ಹೋಲಿಸಿ, 2000ನೇ ಇಸವಿಯಲ್ಲಿ ಎಲಿಜಬೆತ್ ಕ್ರೋನಿನ್‌ಳ ಹಾಡುಗಳ ಪುಸ್ತಕ ಹೊರತಂದರು. ಜೊತೆಗೆ ಎರಡು ಸಿ.ಡಿ.ಗಳು. ಅಜ್ಜಿ ತೀರಿಕೊಂಡು ಆಗಲೇ 44 ವರ್ಷ. ಇಂಥ ಪುಸ್ತಕವನ್ನು ಹೊರಗಿನವರು ಮಾಡಬಹುದಿತ್ತು. ಆದರೆ ಹೊರಗಿನವರಿಗೆ ಯಾವ ಪೆಟ್ಟಿಗೆಯಲ್ಲಿ ಯಾವ ಚೀಟಿ ಇದೆಯೆಂದು ತಿಳಿಯುವುದು ಹೇಗೆ?

ಪುಸ್ತಕವಾಯಿತು ಸರಿ, ಹಾಡು? ಐರಿಷ್ ಭಾಷೆಯ ಇಂದಿನ ಸ್ಥಿತಿ ಹೀಗಿದೆ: 2022ರ ಜನಗಣತಿಯಲ್ಲಿ ಸುಮಾರು 18 ಲಕ್ಷಕ್ಕೂ ಹೆಚ್ಚು ಜನ ತಮಗೆ ಐರಿಷ್ ಬರುತ್ತದೆ ಎಂದರು. ಶಾಲೆಯ ಹೊರಗೆ ದಿನವೂ ಅದನ್ನು ಆಡುವವರು 71,968 ಮಂದಿ. ಒಂದು ಕಾಲದಲ್ಲಿ ಶಾಲೆಯಿಂದ ಹೊರಗಟ್ಟಿದ ಭಾಷೆ ಈಗ ಮುಖ್ಯವಾಗಿ ಶಾಲೆಯಲ್ಲೇ ಉಳಿದಿದೆ ಎಂದರೂ ತಪ್ಪಿಲ್ಲ. ಮಾರ್ಕ್ಸ್ ಪಡೆಯಲು ಕಲಿತ ಭಾಷೆಯಲ್ಲಿ ಯಾರಾದರೂ ಹಾಲು ಕರೆಯುತ್ತ ಹಾಡುತ್ತಾರೆಯೇ ಎಂಬ ಸಂದೇಹ ಅಲ್ಲಿಯ ಹಿರಿಯರಿಗೂ ಇದೆ. ಈಗ ಹಾಲು ಕರೆಯುವುದೂ ಯಂತ್ರವೇ.

ಆದರೂ ಮಸ್ಕೆರಿಯಲ್ಲಿ ಹಾಡು ನಿಂತಿಲ್ಲ. ಬ್ಯಾಲಿವೂರ್ನಿಗೆ ಹತ್ತಿರದ ಕೂಲೇ ಎಂಬ ಹಳ್ಳಿಗೆ 1960ರ ದಶಕದಲ್ಲಿ ಸಂಗೀತ ಸಂಯೋಜಕ ಶಾನ್ ಓ ರಿಯಾಡಾ ಬಂದು ನೆಲೆಸಿ, ಊರಿನ ಗಂಡಸರನ್ನೇ ಕೂಡಿಸಿ ಹಾಡುವ ಮೇಳವೊಂದನ್ನು ಕಟ್ಟಿದರು. ಆ ಮೇಳದಲ್ಲಿ ಹಾಡಿ ಬೆಳೆದ ಹುಡುಗ ಇಯರ್ಲಾ ಓ ಲಿನಾರ್ಡ್, ಹುಟ್ಟಿದ್ದು 1964ರಲ್ಲಿ, ಅಂದರೆ ಬೆಸ್ ತೀರಿಕೊಂಡ ಎಂಟು ವರ್ಷದ ನಂತರ. ಬೆಸ್ ಈತನಿಗೆ ಸಂಬಂಧದಲ್ಲಿ ಅಜ್ಜಿಯಾಗಬೇಕು. ಮುಂದೆ ಈತ ಆಫ್ರಿಕದ ಡೋಲು, ವಿದ್ಯುನ್ಮಾನ ವಾದ್ಯಗಳ ನಡುವೆಯೂ ಆ ಹಳೆಯ ರೀತಿಯಲ್ಲೇ ಹಾಡಿ ಹೆಸರು ಮಾಡಿದ. ಇದು ಅಪಚಾರ ಎಂದವರೂ ಉಂಟು, ಹೊಸ ರಕ್ತ ಎಂದವರೂ ಉಂಟು.

2015ರಲ್ಲಿ ತೆರೆಕಂಡ 'ಬ್ರೂಕ್ಲಿನ್' ಚಲನಚಿತ್ರದಲ್ಲಿ ಈತನದೊಂದು ಚಿಕ್ಕ ಪಾತ್ರವಿದೆ. ನ್ಯೂಯಾರ್ಕಿನಲ್ಲಿ ಕ್ರಿಸ್‌ಮಸ್ ದಿನ, ಆ ನಗರದ ಸುರಂಗ ಸೇತುವೆಗಳನ್ನು ಕಟ್ಟಿ ಮುಪ್ಪಾದ ಐರಿಷ್ ಕೂಲಿಯಾಳುಗಳಿಗೆ ಊಟ ಹಾಕುತ್ತಿರುತ್ತಾರೆ. ಅವರಲ್ಲೊಬ್ಬ ಎದ್ದು, ಪಕ್ಕವಾದ್ಯವಿಲ್ಲದೆ, ಐರಿಷ್‌ನಲ್ಲಿ ಒಂದು ಹಳೆಯ ಹಾಡು ಹೇಳುತ್ತಾನೆ. ಮುದುಕರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ಕೇಳುತ್ತ ಕೂರುತ್ತಾರೆ. ಚಿತ್ರದ ಕಥೆ ನಡೆಯುವುದು 1950ರ ದಶಕದ ಆರಂಭದಲ್ಲಿ, ಬ್ಯಾಲಿವೂರ್ನಿಯ ಅಜ್ಜಿ ಲೋಮ್ಯಾಕ್ಸ್‌ರ ಟೇಪಿಗೆ ಹಾಡುತ್ತಿದ್ದ ವರ್ಷಗಳಲ್ಲೇ.